ಒಂದೂವರೆ ತಾಸಿನ ದೂರ

ಬೆಳಗಿನ ಆರರಿಂದ ಮಧ್ಯಾಹ್ನ ಎರಡರ ತನಕ ಫೋನು ಬಾರದಿದ್ದರೆ ಸಾಕಾಗಿತ್ತು. ಅರ್ಜುನ ಅದನ್ನು ಮೊದಲು ಟೀವಿಯ ಮೇಲಿಟ್ಟ, ಆಮೇಲೆ ಕಿಟಕಿಯಲ್ಲಿಟ್ಟ, ಕಡೆಗೆ ಬಚ್ಚಲಿಗೂ ಒಯ್ದು ಸಾಬೂನಿನ ಗೂಡಿನಲ್ಲಿ ನಿಲ್ಲಿಸಿ, ಅದಕ್ಕೆ ನೀರು ಸಿಡಿಯದ ಹಾಗೆ ತಾನೇ ಮೂಲೆಗೆ ಒತ್ತಿಕೊಂಡು ಮೈ ತೊಳೆದುಕೊಂಡ. ಮೂವತ್ತೆರಡು ವರ್ಷದ ಗಂಡಸು, ನೂರಾ ಎಂಬತ್ತು ಜನ ಕೂತ ವಿಮಾನವನ್ನು ಮೋಡದೊಳಗಿಂದ ಇಳಿಸುವವನು, ಬೈಲಹೊಂಗಲದ ತನ್ನ ಮನೆಯ ಬಚ್ಚಲಿನಲ್ಲಿ ಒಂದು ಫೋನಿಗೆ ಹೆದರಿ ನಿಂತಿದ್ದ. ಕಂಪನಿಯವರು ಇದಕ್ಕೆ ಹೋಮ್ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಎಲ್ಲೋ ಒಬ್ಬ ಪೈಲಟ್ ಜ್ವರ ಬಂದು ಮಲಗಿದರೆ ಅವನ ಬದಲಿಗೆ ಹೋಗಲು ಇನ್ನೊಬ್ಬ ತನ್ನ ಮನೆಯಲ್ಲಿ ತಯಾರಾಗಿ ಕೂತಿರಬೇಕು, ಕರೆ ಬಂದ ಒಂದೂವರೆ ತಾಸಿನೊಳಗೆ ವಿಮಾನ ನಿಲ್ದಾಣ ಮುಟ್ಟಬೇಕು. ಅವನು ಮುಟ್ಟಬೇಕಾದ ನಿಲ್ದಾಣ ಮುಂಬೈಯಲ್ಲಿತ್ತು. ಒಂದೂವರೆ ತಾಸಿನಲ್ಲಿ ಇಲ್ಲಿಂದ ಬೆಳಗಾವಿ ಮುಟ್ಟಬೇಕೆಂದರೂ ಬಸ್ಸಿನವನು ಮನಸ್ಸು ಮಾಡಬೇಕು.

ಅವನೇನು ಬೇಕೆಂದು ಇಲ್ಲಿ ಉಳಿದವನಲ್ಲ. ಎರಡು ದಿನದ ರಜೆಗೆ ಬಂದಿದ್ದ, ನಿನ್ನೆ ಸಂಜೆಯೇ ಹೊರಟೂ ಇದ್ದ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಯೂನಿಫಾರ್ಮು ತೊಟ್ಟು, ಭುಜದ ಮೇಲೆ ಮೂರು ಬಂಗಾರದ ಪಟ್ಟಿ ಹೊತ್ತು, ಎಲ್ಲ ಪ್ರಯಾಣಿಕರೂ ಒಳಗೆ ಹೋಗುವುದನ್ನು ನೋಡುತ್ತ ಒಂದೂಕಾಲು ತಾಸು ನಿಂತಿದ್ದ. ಸ್ಟಾಫ್ ಟಿಕೇಟು ಎಂದರೆ ಹಾಗೆ. ದುಡ್ಡು ಕೊಟ್ಟವರೆಲ್ಲ ಕೂತ ಮೇಲೆ ಸೀಟು ಉಳಿದರೆ ಅದು ನಿನ್ನದು. ಅದೂ ಉಳಿಯದಿದ್ದರೆ ಕಾಕ್‌ಪಿಟ್ಟಿನೊಳಗೆ ಮಡಚುವ ಕುರ್ಚಿಯೊಂದಿರುತ್ತದೆ, ಯೂನಿಫಾರ್ಮಿನಲ್ಲಿರುವ ಪೈಲಟ್ಟಿಗೆ ಕ್ಯಾಪ್ಟನ್ ಅದನ್ನು ಕೊಡಬಹುದು. ನಿನ್ನೆ ಯಾವುದೋ ಮದುವೆಯ ಬೀಗರ ಗುಂಪು ಕೊನೆಯ ಸೀಟಿನ ತನಕ ತುಂಬಿಕೊಂಡಿತು, ಮಡಚುವ ಕುರ್ಚಿಯಲ್ಲಿ ಒಬ್ಬ ಎಂಜಿನಿಯರ್ ಮೊದಲೇ ಕೂತಿದ್ದ. ಕೌಂಟರಿನ ಹುಡುಗಿ ‘ಸಾರಿ ಸರ್’ ಎಂದಾಗ ಅವಳ ಮುಖದಲ್ಲಿ ನಿಜವಾದ ಕನಿಕರವಿತ್ತು, ಅವನಿಗೆ ಅದೇ ಹೆಚ್ಚು ಚುಚ್ಚಿತು. ಸೂಟ್‌ಕೇಸು ಎಳೆದುಕೊಂಡು ಹೊರಗೆ ಬಂದವನನ್ನು ಆಟೋದವನು ‘ಈಗ ಇಳದ್ರೇನ್ರಿ ಸಾಹೇಬ್ರ’ ಎಂದು ಕೇಳಿದ್ದ. ಹೌದು, ಈಗ ಇಳಿದೆ ಎಂದು ಅರ್ಜುನ ಹೇಳಿಬಿಟ್ಟಿದ್ದ.

ಆಗಲೇ ಕಂಪನಿಗೆ ಫೋನು ಮಾಡಿ, ಸೀಟು ಸಿಗಲಿಲ್ಲ, ನಾಳೆ ಸ್ಟ್ಯಾಂಡ್‌ಬೈಗೆ ನಾನಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಹಿಂದೆ ಎರಡು ಸಲ ಹಾಗೆ ನಿಜ ಹೇಳಿದ್ದ. ಎರಡು ಸಲವೂ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬಿತ್ತು. ನಿಜಕ್ಕೆಂದು ಬೇರೆ ಗುರುತು ಅವರಲ್ಲಿ ಇರಲಿಲ್ಲ. ಮೂರನೆಯದು ಬಿದ್ದರೆ ಕ್ಯಾಪ್ಟನ್ ಆಗುವವರ ಪಟ್ಟಿಯಿಂದ ಒಂದು ವರ್ಷ ಹೊರಗೆ. ಊರಿನವರ ಕಣ್ಣಿನಲ್ಲಿ ಪೈಲಟ್ ಎಂದರೆ ಪೈಲಟ್ಟೇ. ಹಾರಿದ ತಾಸಿಗಷ್ಟೇ ಸಂಬಳ, ಹೀಗೆ ಫೋನು ಕಾಯುತ್ತ ಕೂತದ್ದಕ್ಕೆ ಹೆಚ್ಚೇನೂ ಇಲ್ಲ, ಮುಂಬೈಯಲ್ಲಿ ನಿಲ್ದಾಣದ ಹತ್ತಿರ ಹೆಂಡತಿ ಮಗಳನ್ನು ಇಟ್ಟುಕೊಳ್ಳುವಂಥ ಮನೆಯ ಬಾಡಿಗೆ ಅದನ್ನು ನುಂಗಿಹಾಕುತ್ತದೆ ಎಂದು ಅವರಿಗೆ ಹೇಗೆ ಹೇಳುವುದು? ಹೇಳಿದರೂ ನಂಬುವವರಾರು? ಮುಂಬೈಯ ಮರೋಳದಲ್ಲಿ ಎರಡು ಕೋಣೆಗಳಲ್ಲಿ ಅವನೂ ಸೇರಿ ನಾಲ್ಕು ಜನ ಪೈಲಟ್ಟರು ಇದ್ದರು. ಒಬ್ಬ ಹಾರಿಬಂದು ಮಲಗುವ ಹಾಸಿಗೆಯಿಂದ ಇನ್ನೊಬ್ಬ ಎದ್ದು ಹೊರಡುತ್ತಿದ್ದ. ಸಾಮರ್ಥ್ಯ ಇದ್ದವರು ಕೊಲ್ಲಿ ದೇಶಗಳಿಗೆ ಹೋದರು, ವಶೀಲಿ ಇದ್ದವರು ಬಾಡಿಗೆ ಕಡಿಮೆ ಇರುವ ಊರಿಗೆ ವರ್ಗ ಮಾಡಿಸಿಕೊಂಡರು. ಉಳಿದವರ ಫೋನು ಮಾತ್ರ ಮೊದಲಿಗಿಂತ ಹೆಚ್ಚು ಹೊಡೆದುಕೊಳ್ಳತೊಡಗಿತು. ಕ್ಯಾಪ್ಟನ್ ಆದರೆ ಒಂದು ಮನೆ ಮಾಡಬಹುದು. ಅವನಿಗೆ ಬೇಕಾದದ್ದು ಅದೊಂದೇ. ನಾಲ್ಕು ವರ್ಷದ ದುರ್ಗಾ ಅವನನ್ನು ಕಂಡಾಗಲೆಲ್ಲ ಮೊದಲರ್ಧ ದಿನ ಅಜ್ಜನ ಹಿಂದೆ ಅಡಗಿ ನಿಲ್ಲುತ್ತಿದ್ದಳು, ಮೈ ಹತ್ತುವಷ್ಟರಲ್ಲಿ ಅವನ ರಜೆ ಮುಗಿದಿರುತ್ತಿತ್ತು.

ಹೆಂಡತಿ ಪ್ರಣಿತಾ ಕಿತ್ತೂರಿನ ಹೈಸ್ಕೂಲಿನಲ್ಲಿ ಟೀಚರು. ಎಂಟು ಗಂಟೆಯ ಬಸ್ಸಿಗೆ ಹೊರಡುವ ಮುನ್ನ ಮಗಳ ಜಡೆಗೆ ರಿಬ್ಬನ್ನು ಕಟ್ಟುತ್ತ, ಅವನ ಕಡೆ ನೋಡದೆ ಅಂದಳು: “ಖರೇ ಹೇಳಿಬಿಡ್ರಿ. ಹಿಂಗ ಫೋನ್ ಹಿಡ್ಕೊಂಡ ಕುಂತ್ರ ಪಾರಾಗ್ತೀರೇನು?”

“ಎರಡ ಸಲ ಹೇಳೇನಲ್ಲ ಖರೇ.”

“ಹಂಗಾದ್ರ ಮೂರನೇ ಸಲ ಹೇಳಾಕ ಏನಾಗೇತಿ?” ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ, ಮಗಳನ್ನು ಬಾಲವಾಡಿಗೆ ಬಿಟ್ಟು ಹೋಗಲು ಎತ್ತಿಕೊಂಡು ಹೊರಟಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

ಪಡಸಾಲೆಯಲ್ಲಿ ಅಪ್ಪ ದುರ್ಗಪ್ಪ ಪೇಪರು ಓದುತ್ತಿದ್ದ. ಮೂವತ್ತೊಂದು ವರ್ಷ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಆ ಡ್ರೈವರನ ಸೀಟಿನ ಮೇಲೆ ದುರ್ಗಪ್ಪನನ್ನು ಕೂರಿಸಲು ಅವನ ಅಪ್ಪ ಯಾರಯಾರ ಅಂಗಳದಲ್ಲಿ ಕೈಮುಗಿದು ನಿಂತಿದ್ದನೋ. ಅವ್ವ ತಾಯವ್ವನಿಗೆ ಗಂಡನ ಕೆಲಸಕ್ಕೂ ಮಗನ ಕೆಲಸಕ್ಕೂ ಒಂದೇ ಮಾತು: ಅಪ್ಪ ಬಸ್ಸು ಹೊಡೀತಿದ್ದ, ಮಗ ಇಮಾನ ಹೊಡಿತಾನ. ಮಗನ ಲೈಸೆನ್ಸು ಬಂದ ದಿನ ಬುದ್ಧನ ಫೋಟೊದ ಮುಂದೆ ಮೇಣದ ಬತ್ತಿ ಹಚ್ಚಿ ಓಣಿಗೆಲ್ಲ ಹುಗ್ಗಿ ಹಂಚಿದ್ದಳು. ಆ ಹುಗ್ಗಿ ಉಂಡವರು ಈಗ ರಸ್ತೆಯಲ್ಲಿ ಸಿಕ್ಕಾಗ ‘ಯಾವಾಗ ಬಂದಿ’ ಎಂದು ಕೇಳುವುದಿಲ್ಲ, ‘ಯಾವಾಗ ಹೊಂಡತಿ’ ಎಂದೇ ಕೇಳುತ್ತಾರೆ. ಅದರಲ್ಲಿ ಹೆಮ್ಮೆಯೇ ಇದೆ, ಆದರೂ ಹಾಗೆ ಕೇಳಿದಾಗಲೆಲ್ಲ ಅವನಿಗೆ ಎಲ್ಲಿಯವನೂ ಅಲ್ಲದ ಹಾಗೆ ಆಗುತ್ತಿತ್ತು.

ಒಂಬತ್ತು ಐವತ್ತಕ್ಕೆ ಫೋನು ಬಂತು. ಅವನು ಎರಡನೇ ರೊಟ್ಟಿ ಮುರಿಯುತ್ತಿದ್ದ. ಕಂಪನಿಯ ಕಂಟ್ರೋಲಿನಲ್ಲಿ ಕೂತ ಹುಡುಗಿಯ ದನಿ. ಹೆಸರು ಗೊತ್ತಿಲ್ಲ, ದನಿ ಮಾತ್ರ ಗೊತ್ತು, ಯಾವಾಗಲೂ ಅರ್ಧ ನಿದ್ದೆಗೆಟ್ಟ ದನಿ. “ಗುಡ್ ಮಾರ್ನಿಂಗ್ ಸರ್, ಮನೆಯಲ್ಲೇ ಇದ್ದೀರಲ್ಲ?” ಎಂದು ಹಿಂದಿಯಲ್ಲಿ ಕೇಳಿದಳು.

“ಹೌದು, ಮನೆಯಲ್ಲೇ ಇದ್ದೇನೆ” ಎಂದ.

ಬಾಯಿಂದ ಬಿದ್ದ ಮೇಲೆ ಅದರ ಅರ್ಥ ಹೊಳೆಯಿತು. ಅವನು ಸುಳ್ಳು ಹೇಳಬೇಕೆಂದು ಹೇಳಿರಲಿಲ್ಲ. ಮರೋಳದ ಆ ಜಾಗಕ್ಕೆ ಅವನಾಗಲಿ ಅವನ ಜೊತೆಯವರಾಗಲಿ ಆರು ವರ್ಷದಲ್ಲಿ ಒಮ್ಮೆಯೂ ಮನೆ ಎಂದವರಲ್ಲ, ಅದು ರೂಮು. ರೂಮಿಗೆ ಹೋಗುತ್ತೇನೆ, ರೂಮಿನ ಕೀಲಿ, ರೂಮಿನ ಬಾಡಿಗೆ. ಮನೆ ಎಂದರೆ ಇದು. ಮನೆಯಲ್ಲಿದ್ದೀರಾ ಎಂದು ಕೇಳಿದರು, ಮನೆಯಲ್ಲಿದ್ದೇನೆ ಎಂದ, ಕೈಯಲ್ಲಿ ರೊಟ್ಟಿಯೂ ಇತ್ತು. ಹುಡುಗಿ ಆ ಮಾತನ್ನು ಬರೆದುಕೊಂಡೂ ಆಗಿತ್ತು. ಹನ್ನೆರಡು ಐವತ್ತಕ್ಕೆ ದೆಹಲಿ, ಅಲ್ಲಿಂದ ಗುವಾಹಟಿ, ರಾತ್ರಿ ಅಲ್ಲೇ ವಸತಿ, ನಾಳೆ ರಾತ್ರಿ ವಾಪಸ್ಸು; ನಾಳೆ ಬೆಳಗಿನ ನಿಮ್ಮ ಹಾರಾಟ ಬೇರೆಯವರಿಗೆ ಕೊಡುತ್ತೇವೆ; ಗಾಡಿ ಇಪ್ಪತ್ತು ನಿಮಿಷದಲ್ಲಿ ನಿಮ್ಮ ಗೇಟಿಗೆ ಬರುತ್ತದೆ ಸರ್, ಥ್ಯಾಂಕ್ಯೂ ಸರ್. ಅವನು ‘ಒಂದು ನಿಮಿಷ’ ಎಂದ. ಆಗಲೇ ಆ ಕಡೆ ಯಾರೂ ಇರಲಿಲ್ಲ.

ತಿರುಗಿ ಫೋನು ಮಾಡಬೇಕು. ಅವನಿಗೆ ಅದು ಸ್ಪಷ್ಟವಾಗಿ ಗೊತ್ತಿತ್ತು. ಎದ್ದು ಕೈ ತೊಳೆದ. ಕೈ ಒರೆಸಿಕೊಂಡ. ಹಿತ್ತಲಿಗೆ ಹೋಗಿ ನಿಂಬೆಯ ಗಿಡದ ಹತ್ತಿರ ನಿಂತು, ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಜೋಡಿಸಿದ, ಹಿಂದಿಯಲ್ಲಿ ಜೋಡಿಸಿದ. ಎರಡರಲ್ಲೂ ಅದು ಕಳ್ಳನ ಮಾತಿನ ಹಾಗೇ ಕೇಳಿಸಿತು. ಹೊಟ್ಟೆ ಕೆಟ್ಟಿದೆ ಎನ್ನಬಹುದು. ಆದರೆ ಈಗತಾನೆ ಗಟ್ಟಿ ದನಿಯಲ್ಲಿ ಮನೆಯಲ್ಲಿದ್ದೇನೆ ಎಂದವನ ಹೊಟ್ಟೆ ಹತ್ತು ನಿಮಿಷದಲ್ಲಿ ಹೇಗೆ ಕೆಡಬೇಕು? ತರಬೇತಿಯಲ್ಲಿ ಎಂಜಿನ್ನು ನಿಂತುಹೋದರೆ ಏನು ಮಾಡಬೇಕೆಂದು ಸಾವಿರ ಸಲ ಮಾಡಿಸಿದ್ದರು. ಕೈ ತಾನಾಗಿ ಆಯಾ ಗುಂಡಿಗೆ ಹೋಗುತ್ತದೆ. ಇಲ್ಲಿ ಒಂದೇ ಒಂದು ಗುಂಡಿ ಇತ್ತು, ಅದರ ಮೇಲೆ ಬೆರಳಿಟ್ಟುಕೊಂಡು ಇಪ್ಪತ್ತೈದು ನಿಮಿಷ ನಿಂತ.

ಆಮೇಲೆ ಬಂದದ್ದು ಅಭಿಜಿತನ ಫೋನು. ಅಭಿಜಿತ ಸವದತ್ತಿಯವನು, ಅವನ ಜೊತೆಯ ಕೋ-ಪೈಲಟ್, ರೂಮಿನ ನಾಲ್ವರಲ್ಲಿ ಒಬ್ಬ. ಅವನಿಗೆ ಇವತ್ತೂ ನಾಳೆಯೂ ರಜೆ. ಅಪ್ಪ ವೆಂಕಣ್ಣ ತೀರಿಕೊಂಡು ನಾಳೆಗೆ ವರ್ಷ. ವರ್ಷದ ಶ್ರಾದ್ಧಕ್ಕೆ ಒಬ್ಬನೇ ಮಗ ಕೂರಬೇಕೆಂದು ನಾಲ್ಕು ತಿಂಗಳ ಮುಂಚೆಯೇ ರಜೆ ಹಾಕಿದ್ದ, ಸ್ಟಾಫ್ ಟಿಕೇಟಿನ ಭರವಸೆ ಬೇಡವೆಂದು ಪೂರ್ತಿ ದುಡ್ಡು ಕೊಟ್ಟು ಹುಬ್ಬಳ್ಳಿಗೆ ಇವತ್ತಿನ ಸೀಟು ಮಾಡಿಸಿದ್ದ.

“ಎಲ್ಲಿದ್ದೀಯೋ ನೀ?”

“ಮನ್ಯಾಗ.”

“ಯಾವ ಮನ್ಯಾಗ? ಇಲ್ಲೆ ಗಾಡಿ ಡ್ರೈವರ್ ಬಾಗಲಾ ಬಡೀಲಿಕ್ಕೆ ಹತ್ಯಾನ, ಅರ್ಜುನ್ ಸಾಬ್ ಅರ್ಜುನ್ ಸಾಬ್ ಅಂತ.”

ಅರ್ಜುನ ಎಲ್ಲ ಹೇಳಿದ. ಹೇಳಲು ಎರಡು ವಾಕ್ಯ ಸಾಕಾದವು. ಅಭಿಜಿತನ ಹಿಂದೆ ಡ್ರೈವರನ ಕೆಮ್ಮು ಕೇಳಿಸುತ್ತಿತ್ತು.

“ಇದು ನಿಂದು ಮೂರನೇದ್ದಲ್ಲಾ?”

“ಹೂಂ.”

“ನಾ ಹೋಗ್ತೀನಿ ತಗೋ. ಕಂಟ್ರೋಲಿಗೆ ನಾನ ಹೇಳ್ತೀನಿ, ನಿನ್ನ ಹೊಟ್ಟಿ ಕೆಟ್ಟದ, ಇವತ್ತಿಂದು ನಾ ಹಾರಸ್ತೀನಿ, ನಾಳೆ ಮುಂಜಾನಿಂದು ನೀನ ಹಾರಸ್ತೀ ಅಂತ. ಅಕಿಗೆ ಮನಶಾ ಸಿಕ್ರ ಸಾಕು, ಇನ್ನೊಂದು ಮಾತು ಕೇಳೂದಿಲ್ಲ.”

“ನಾಳೆ ನಿಮ್ಮಪ್ಪಂದು...”

“ಗೊತ್ತದ ನನಗ.”

ಆಗ ಅರ್ಜುನ ‘ಬ್ಯಾಡ’ ಎನ್ನಬೇಕಿತ್ತು. ಎರಡೇ ಅಕ್ಷರ. ಅಭಿಜಿತ ಅದಕ್ಕೆ ಜಾಗವನ್ನೂ ಬಿಟ್ಟ. ನಾಲ್ಕೈದು ಉಸಿರಿನಷ್ಟು ಹೊತ್ತು ಫೋನಿನಲ್ಲಿ ಏನೂ ಇರಲಿಲ್ಲ. ಅರ್ಜುನನಿಗೆ ನಿಂಬೆಯ ಎಲೆಯ ಮೇಲೆ ಹರಿದುಹೋಗುವ ಇರುವೆ ಕಾಣಿಸಿತು, ಗೋಡೆಯಾಚೆ ಯಾರೋ ಕೊಡ ಉಜ್ಜುವುದು ಕೇಳಿಸಿತು, ಮುಂಬೈಯಲ್ಲಿ ಎರಡು ಕೋಣೆಯ ಒಂದು ಮನೆ ಕಾಣಿಸಿತು, ಅದರ ಕಿಟಕಿಯಲ್ಲಿ ಕೂತ ದುರ್ಗಾ ಕಾಣಿಸಿದಳು. ತಾನು ಏನೂ ಹೇಳುತ್ತಿಲ್ಲ ಎಂಬುದು ಅವನಿಗೆ ಬೇರೆ ಯಾರದೋ ಕೆಲಸವೆಂಬಂತೆ ತಿಳಿಯುತ್ತಿತ್ತು. ನಾಚಿಕೆಯಾಯಿತು, ನಾಚಿಕೆಯಾದರೂ ಬಾಯಿ ತೆರೆಯಲಿಲ್ಲ.

“ಒಂದು ಕೆಲಸಾ ಮಾಡು,” ಅಭಿಜಿತ ಅಂದ. ದನಿ ಈಗ ತೆಳ್ಳಗಾಗಿತ್ತು. “ಇವತ್ತು ಬೆಳಗಾವಿಯಿಂದ ಫ್ಲೈಟ್ ಇಲ್ಲ, ನೀ ಸಂಜಿ ಫ್ಲೈಟಿಗೆ ಹುಬ್ಬಳ್ಳಿಗೇ ಹೋಗಬೇಕು. ಸ್ವಲ್ಪ ಸುತ್ತಾಗ್ತದ, ಸವದತ್ತಿ ಮ್ಯಾಲ ಹಾದು ಹೋಗು. ಅವ್ವಗ ನೀನ ಹೇಳು. ನಾ ಫೋನ್ ಮಾಡಿದ್ರ ಅಕಿ ಅಳ್ತಾಳ. ಅಕಿ ಅಳೂದು ಕೇಳಿ ಹೋಗಿ ವಿಮಾನದಾಗ ಕೂಡ್ಲಿಕ್ಕೆ ನನಗ ಆಗೂದಿಲ್ಲ.”

ದುರ್ಗಪ್ಪ ಎಲ್ಲ ಕೇಳಿಸಿಕೊಂಡಿದ್ದ. ಮಗ ಬಿಳಿ ಶರ್ಟಿನ ಗುಂಡಿ ಹಾಕಿಕೊಳ್ಳುವಾಗ ಪೇಪರು ಮಡಚಿ ಅಂದ: “ನಾವೂ ಬದ್ಲಿ ಡ್ಯೂಟಿ ಮಾಡೇವಪಾ. ಡಿಪೋದಾಗ ಬೆಂಚಿನ ಮ್ಯಾಲ ಕುಂದರಸತಿದ್ರು. ಸಾಹೇಬರ ಕಣ್ಣಮುಂದ. ಸುಳ್ಳ ಹೇಳಬೇಕಂದ್ರೂ ಜಾಗಾ ಇರತಿದ್ದಿಲ್ಲ.” ಅದು ಬೈಗುಳವಾಗಿರಲಿಲ್ಲ, ಮಗನಿಗೆ ಒಂದು ಬೆಂಚು ಇಲ್ಲವಲ್ಲ ಎಂದು ಅವನಿಗೆ ಕೆಡುಕೆನಿಸಿತ್ತು. ಅವ್ವ ಬುತ್ತಿ ಕಟ್ಟಿ ಕೊಟ್ಟಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಗಳವಾರ, ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ಗದ್ದಲ. ಸಂಜೆ ಹುಬ್ಬಳ್ಳಿಯಲ್ಲಿ ಮಡಚುವ ಕುರ್ಚಿ ಕೇಳಬೇಕಾದರೆ ಯೂನಿಫಾರ್ಮು ಇರಲೇಬೇಕು, ದಾರಿಯಲ್ಲಿ ಬಟ್ಟೆ ಬದಲಿಸಲು ಹೊತ್ತು ಸಿಗಲಿಕ್ಕಿಲ್ಲ ಎಂದು ಮನೆಯಿಂದಲೇ ತೊಟ್ಟು ಬಂದಿದ್ದ. ಸೂಟ್‌ಕೇಸನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಮೇಲಿನ ಸರಳು ಹಿಡಿದು ನಿಂತವನನ್ನು, ಕೆಳಗೆ ಕೂತ ಕೆಂಚವ್ವ ಎಂಬ ಮುದುಕಿ ಬಹಳ ಹೊತ್ತು ದಿಟ್ಟಿಸಿದಳು. ಪಕ್ಕದವಳು ಅವಳನ್ನು ಹೆಸರು ಹಿಡಿದು ಸುಮ್ಮನಿರು ಎಂದರೂ ಕೇಳಲಿಲ್ಲ. “ಯಾವ ಬ್ಯಾಂಡ್ ಕಂಪನ್ಯಾವಪಾ ನೀ?” ಎಂದಳು. ಭುಜದ ಪಟ್ಟಿಗಳನ್ನು ಬೆರಳಲ್ಲಿ ತೋರಿಸಿ, “ನಮ್ಮ ಮೊಮ್ಮಗನ ಲಗ್ನಕ್ಕ ಹಿಂತಾ ಅಂಗಿಯವರನ್ನ ಹಚ್ಚಿದ್ವಿ. ಚಲೋ ಬಾರ್ಸಿದ್ರು.” ಸುತ್ತಲಿನ ನಾಲ್ಕು ಜನ ನಕ್ಕರು. ಅರ್ಜುನನ ಸೋದರಮಾವ ಮುದಕಪ್ಪ ನಿಜಕ್ಕೂ ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಿದ್ದ, ಲಗ್ನದ ಮನೆಯವರು ಅವನಿಗೆ ಪಂಕ್ತಿಯಲ್ಲಿ ಎಲೆ ಹಾಕುತ್ತಿರಲಿಲ್ಲ, ಊದಿದ ಕೈಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ನಾನು ಪೈಲಟ್ ಎಂದು ಹೇಳಿದರೆ ಇನ್ನೂ ಹೆಚ್ಚು ನಗುತ್ತಾರೆ. ಪೈಲಟ್ಟು ಸರಳು ಹಿಡಿದು ಗುಡ್ಡದ ಬಸ್ಸಿನಲ್ಲಿ ಯಾಕೆ ನಿಲ್ಲುತ್ತಾನೆ? “ಬೈಲಹೊಂಗಲದ ಕಂಪನಿರಿ” ಎಂದ. ಮುದುಕಿ ತೃಪ್ತಳಾದಳು.

ಕಿಟಕಿಯಾಚೆ ಕಡಲೆ ಕಿತ್ತ ಕರಿ ಹೊಲಗಳು ಹೋಗುತ್ತಿದ್ದವು. ಹೇಳಬೇಕಾದ ಮಾತನ್ನು ಜೋಡಿಸಿಕೊಳ್ಳಬೇಕು ಎಂದುಕೊಂಡ. ಅಭಿಜಿತನ ತಾಯಿ ಸುಂದರಾಬಾಯಿಯನ್ನು ಅವನು ಒಂದೇ ಸಲ ನೋಡಿದ್ದು. ಎರಡು ವರ್ಷದ ಹಿಂದೆ, ವೆಂಕಣ್ಣನವರು ಇನ್ನೂ ಇದ್ದಾಗ, ಅಭಿಜಿತ ಅವನನ್ನು ಊಟಕ್ಕೆ ಕರೆದೊಯ್ದಿದ್ದ. ಹೊರಗಿನ ಪಡಸಾಲೆಯಲ್ಲಿ ಇಬ್ಬರಿಗೂ ಬಾಳೆ ಎಲೆ ಹಾಕಿ ಆಕೆ ಬಡಿಸಿದ್ದಳು, ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, ಇನ್ನೊಂದು ಹಾಕಿಸಿಕೋ, ಎಷ್ಟು ಬಡವಾಗೀದಿ ಎನ್ನುತ್ತ. ಬಡಿಸುವ ಸೌಟು ಎಲೆಯಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತಿತ್ತು. ಒಳಗಿನ ಊಟದ ಮನೆಯಲ್ಲಿ ಮೇಜು ಇದ್ದದ್ದು ಅವನಿಗೆ ಕಂಡಿತ್ತು. ಅಭಿಜಿತ ಮಾತಿಲ್ಲದೆ ಅವನ ಪಕ್ಕದಲ್ಲೇ ನೆಲಕ್ಕೆ ಕೂತು ಉಂಡ. ಆ ಊಟ ಅವಮಾನವೋ ಅಕ್ಕರೆಯೋ ಎಂದು ಅವನಿಗೆ ಇವತ್ತಿನವರೆಗೂ ತೀರ್ಮಾನವಾಗಿಲ್ಲ; ಹೊಟ್ಟೆ ಬಿರಿಯುವಷ್ಟು ಉಂಡದ್ದು ಮಾತ್ರ ನಿಜ. ಈಗ ಆ ಮನೆಯ ಮಗನನ್ನು ಅಪ್ಪನ ಶ್ರಾದ್ಧದಿಂದ ಎಬ್ಬಿಸಿ ಕಳಿಸಿದವನು ತಾನು. ಉದ್ದ ಮಾತು ಬೇಡ, ಒಂದೇ ವಾಕ್ಯ ಸಾಕು ಎಂದು ನಿರ್ಧರಿಸಿದ. ಸವದತ್ತಿಯ ಕೋಟೆ ಕಾಣಿಸುವ ತನಕ ಆ ವಾಕ್ಯವನ್ನೇ ಮನಸ್ಸಿನಲ್ಲಿ ತಿರುಗಿಸಿದ.

ಒಂದೂ ಇಪ್ಪತ್ತಕ್ಕೆ ಅವರ ಬಾಗಿಲು ಮುಟ್ಟಿದ. ಎರಡೂ ಹದಿನೈದರ ಬಸ್ಸು ಸಿಕ್ಕಿದರೆ ಮಾತ್ರ ಹುಬ್ಬಳ್ಳಿಯ ಸಂಜೆಯ ವಿಮಾನ. ಅದು ತಪ್ಪಿದರೆ ರಾತ್ರಿ ಬಸ್ಸು ಹಿಡಿದರೂ ನಾಳೆ ಐದೂವರೆಯ ಹಾರಾಟಕ್ಕೆ ಮುಟ್ಟಲಾರ. ಐದು ನಿಮಿಷದ ಕೆಲಸ, ಹೇಳಿ ಹೊರಟುಬಿಡಬೇಕು. ಸುಂದರಾಬಾಯಿ ಪಡಸಾಲೆಯಲ್ಲಿ ಕೂತು ತಾಟಿನಲ್ಲಿ ಎಳ್ಳು ಹಸನು ಮಾಡುತ್ತಿದ್ದಳು. ಬಾಗಿಲಲ್ಲಿ ನೆರಳು ಬಿದ್ದಾಗ ತಲೆ ಎತ್ತಿದಳು. ಮಗನ ಯೂನಿಫಾರ್ಮಿನಂಥದೇ ಯೂನಿಫಾರ್ಮು, ಮಗನ ಸೂಟ್‌ಕೇಸಿನಂಥದೇ ಸೂಟ್‌ಕೇಸು. ಅವಳ ಕಣ್ಣು ಅವನನ್ನು ದಾಟಿ ಹಿಂದೆ ರಸ್ತೆಯಲ್ಲಿ ಇನ್ನೊಬ್ಬನನ್ನು ಹುಡುಕಿತು.

“ಅಮ್ಮಾರ,” ಎಂದ ಅರ್ಜುನ. “ಅಭಿ ಬರಂಗಿಲ್ಲರಿ.”

ಅವಳ ಕೈ ತಾಟಿನಲ್ಲೇ ನಿಂತಿತು. ಕೇಳಿದಳು: “ಯಾವಾಗ?”

“ಹತ್ತೂವರಿ ಸುಮಾರರಿ.”

“ಎಲ್ಲಿ?”

“ಮುಂಬೈದಾಗರಿ. ನಾ ಹೋಗಬೇಕಾಗಿತ್ತರಿ ಖರೇ ಅಂದ್ರ. ನನ್ನ ಬದ್ಲಿ ಅವ ಹೋದಾ.”

ಎಳ್ಳಿನ ತಾಟು ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಒರಗಿ, ಸಣ್ಣಗೆ ಮುಂದಕ್ಕೂ ಹಿಂದಕ್ಕೂ ತೂಗತೊಡಗಿದಳು. ಇವಳೇಕೆ ಹೀಗೆ ಮಾಡುತ್ತಿದ್ದಾಳೆ, ಒಂದು ಶ್ರಾದ್ಧ ತಪ್ಪಿದ್ದಕ್ಕೆ ಇಷ್ಟೊಂದೇ ಎಂದು ಅರ್ಜುನ ಮೊದಲು ನೋಡಿದ. ಆಮೇಲೆ ತಾನು ಆಡಿದ ಮಾತು ಒಂದೊಂದೇ ಅವನ ಕಿವಿಗೆ ತಿರುಗಿ ಬಂತು. ಬರಂಗಿಲ್ಲ. ಹತ್ತೂವರಿ. ನನ್ನ ಬದ್ಲಿ ಹೋದಾ. ಬೂ‌ಟು ಬಿಚ್ಚುವುದನ್ನೂ ಮರೆತು ಒಳಗೆ ಓಡಿ ಅವಳ ಮುಂದೆ ಮೊಣಕಾಲೂರಿದ.

“ಇಲ್ಲರಿ, ಹಂಗಲ್ಲರಿ ಅಮ್ಮಾರ. ಅಭಿ ಆರಾಮ ಅದಾನ್ರಿ. ಡ್ಯೂಟಿಗೆ ಹೋಗ್ಯಾನ್ರಿ. ನಾಳೆ ಬರಾಕ ಆಗಂಗಿಲ್ಲ ಅಂತ ಹೇಳಾಕ ಬಂದೇನ್ರಿ. ಏನೂ ಆಗಿಲ್ಲರಿ.”

ಅವಳು ತೂಗುವುದನ್ನು ನಿಲ್ಲಿಸಿ ಅವನ ಮುಖವನ್ನೇ ನೋಡಿದಳು. “ಅವತ್ತೂ ಹಂಗ ಅಂದ್ರು,” ಎಂದಳು. “ಇವರನ್ನ ಧಾರವಾಡದ ದವಾಖಾನಿಗೆ ಒಯ್ದಾಗ. ಏನೂ ಆಗಿಲ್ಲ ಏನೂ ಆಗಿಲ್ಲ ಅಂತ ಎಲ್ಲಾರೂ ಅಂದ್ರು. ಗಾಡಿ ಮನಿಮುಂದ ಬಂದು ನಿಲ್ಲೂತನಾ ಅಂದ್ರು.”

ಅವನು ಆಣೆ ಮಾಡಿದ. ಫೋನು ಹಚ್ಚಿದ, ಅಭಿಜಿತನ ನಂಬರು ಸ್ವಿಚ್ ಆಫ್ ಎಂದಿತು. ಹಾರುವಾಗ ಬಂದ್ ಮಾಡಬೇಕಾಗುತ್ತದೆ ಎಂದ. ಆಕೆ ಕೇಳಿಸಿಕೊಳ್ಳಲಿಲ್ಲ. ಫೋನಿನಲ್ಲಿ ವಿಮಾನಗಳ ನಕಾಶೆ ತೆಗೆದು ತೋರಿಸಿದ: ರಾಜಸ್ಥಾನದ ಕಡೆಗೆ ಮೆಲ್ಲಗೆ ಸರಿಯುತ್ತಿದ್ದ ಹಳದಿ ಬಣ್ಣದ ಪುಟ್ಟ ವಿಮಾನ. “ಇದ ನೋಡ್ರಿ, ಇದರಾಗ ಅದಾನ್ರಿ. ಮೂರು ಗಂಟೇಕ್ಕ ದಿಲ್ಲಿಗೆ ಇಳೀತಾನ, ಇಳದ ಕೂಡಲೇ ಫೋನ್ ಮಾಡ್ತಾನ.” ಅವಳು ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿ ಆ ಹಳದಿ ಚುಕ್ಕೆಯನ್ನು ನೋಡಿದಳು. “ಇದರಾಗ ಅವ ಅದಾನಂತ ನಾ ಹ್ಯಾಂಗ ತಿಳೀಬೇಕು?” ಎಂದಳು. ಅವಳು ಕೈ ಚಾಚಿ ಅವನ ಬಲಗೈಯ ಮಣಿಕಟ್ಟನ್ನು ಹಿಡಿದಳು. “ಅವನ ಧ್ವನಿ ಕೇಳೂತನಾ ನೀ ಇಲ್ಲೇ ಕೂಡು. ಹೋಗಬ್ಯಾಡ.”

ಒಂದೂ ನಲವತ್ತು. ಸ್ವಲ್ಪ ಹೊತ್ತು ಕೂತು ಮೆಲ್ಲಗೆ ಬಿಡಿಸಿಕೊಂಡರಾಯಿತು ಎಂದುಕೊಂಡ. ಆ ಹಿಡಿತ ಮುದುಕಿಯ ಹಿಡಿತವಾಗಿರಲಿಲ್ಲ. ಬೆರಳುಗಳು ಮೂಳೆಗೆ ತಾಗುತ್ತಿದ್ದವು. ಅವನು ಬಸ್ಸಿನ ಮಾತು ಎತ್ತಿದ. ಬಸ್ಸು ತಪ್ಪಿದರೆ ಅಭಿ ನನ್ನ ಸಲುವಾಗಿ ಹೋದದ್ದೂ ವ್ಯರ್ಥವಾಗುತ್ತದೆ ಎಂದ. ತನ್ನ ತಪ್ಪನ್ನೆಲ್ಲ, ಮನೆಯಲ್ಲಿದ್ದೇನೆ ಎಂದದ್ದನ್ನು, ಬೇಡ ಎನ್ನದೆ ಸುಮ್ಮನಿದ್ದದ್ದನ್ನು, ಒಂದನ್ನೂ ಬಿಡದೆ ಹೇಳಿದ. ಬೆಳಗಿನಿಂದ ಯಾರಿಗೂ ಹೇಳಲಾಗದ್ದು ಇಲ್ಲಿ ಸರಾಗವಾಗಿ ಬಂತು, ಯಾಕೆಂದರೆ ಅವಳ ಕಿವಿ ಬೇರೆ ದನಿಗೇ ಕಾದಿತ್ತು. ಸುಂದರಾಬಾಯಿ “ಹೋಗ್ಲಿ ಬಿಡು” ಎಂದಳು. “ಶ್ರಾದ್ಧಾ ತಪ್ಪಿದ್ರ ಅಮಾಸಿಗೆ ಮಾಡಿದ್ರ ನಡೀತದ. ಅವ ಇದ್ರ ಸಾಕು.” ಕ್ಷಮೆ ಇಷ್ಟು ಸಲೀಸಾಗಿ ಸಿಕ್ಕಿತು. ಅದು ತನಗೆ ಕೊಟ್ಟದ್ದಲ್ಲ, ದಾರಿಯಲ್ಲಿ ಬಿದ್ದದ್ದು ಎಂದು ಅವನಿಗೆ ಅನ್ನಿಸಿತು. ಎರಡು ಗಂಟೆಯಾಯಿತು. ಕೈ ಕಿತ್ತುಕೊಂಡು ಎದ್ದರೆ ಓಡಿ ಬಸ್ಸು ಹಿಡಿಯಬಹುದು. ಒಮ್ಮೆ ಸಣ್ಣಗೆ ಎಳೆದೂ ನೋಡಿದ. ಅವಳು “ಎಲ್ಲಿಗೆ?” ಎಂದಳು, ಕಣ್ಣು ತುಂಬಿಕೊಂಡು ಅವನನ್ನು ನೋಡಿದಳು. ಎರಡೂ ಹದಿನೈದಕ್ಕೆ, ಎರಡು ಓಣಿಯಾಚೆ, ಬಸ್ಸೊಂದು ಹಾರ್ನು ಹೊಡೆಯಿತು. ಅದೇ ಬಸ್ಸೋ ಬೇರೆಯದೋ. ಅವನಿಗೆ ಒಂದು ಬಗೆಯ ನಿರಾಳವೇ ಆಯಿತು, ಆಮೇಲೆ ಆ ನಿರಾಳದ ಬಗ್ಗೆ ಹೇಸಿಕೆಯಾಯಿತು. ಹಳದಿ ವಿಮಾನ ದೆಹಲಿಯ ಸುತ್ತ ಒಂದು ಸುತ್ತು ಹಾಕಿತು. ಇಬ್ಬರೂ ಅದನ್ನು ನೋಡುತ್ತ ಕೂತರು.

ಮೂರೂ ಎಂಟಕ್ಕೆ ಅವನ ಫೋನು ಹೊಡೆದುಕೊಂಡಿತು. ಎತ್ತಿ ಅವಳ ಕಿವಿಗೆ ಹಿಡಿದ. ಆ ಕಡೆಯಿಂದ “ಅರ್ಜುನಾ” ಎಂಬ ದನಿ ಅವನಿಗೂ ಕೇಳಿಸಿತು. ಸುಂದರಾಬಾಯಿಯ ಬಾಯಿ ಎರಡು ಸಲ ತೆರೆದು ಮುಚ್ಚಿತು. “ಊಟಾ ಆತೇನೋ?” ಎಂದಳು, ದಿನವೂ ಕೇಳುವ ದನಿಯಲ್ಲೇ. ಆ ಕಡೆಯಿಂದ ಏನೋ ಹೇಳಿದ. “ಆಗ್ಲಿ. ಅಮಾಸಿಗೆ ಮಾಡೋಣಂತ. ಭಟ್ರಿಗೆ ನಾ ಹೇಳ್ತೀನಿ. ಮದಲ ಉಣ್ಣು.” ಅಷ್ಟೇ. ಮಣಿಕಟ್ಟನ್ನು ಬಿಟ್ಟಳು. ಬಿಟ್ಟ ಕೈಯಿಂದ ನೆಲದ ಮೇಲಿನ ಎಳ್ಳನ್ನು ಒಂದೆಡೆ ಗುಡ್ಡೆ ಮಾಡಿದಳು, ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಅರ್ಜುನ ಫೋನು ಕಿವಿಗಿಟ್ಟುಕೊಂಡ.

“ನೀ ಇನ್ನೂ ಅಲ್ಲೇ ಇದ್ದೀ ಏನು?” ಅಭಿಜಿತ ಕೇಳಿದ.

“ಹೂಂ.”

“ಎರಡೂಕಾಲಿನ ಬಸ್ಸು?”

“ಹೋತು.”

ದೆಹಲಿಯ ಗದ್ದಲ ಫೋನಿನಲ್ಲಿ ಕೇಳಿಸುತ್ತಿತ್ತು, ಯಾರೋ ಇಂಧನದ ಅಂಕಿ ಓದಿ ಹೇಳುತ್ತಿದ್ದರು. ಅಭಿಜಿತ ಅವರಿಗೆ ಒಂದು ನಿಮಿಷ ಎಂದ. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದ: “ಹಂಗಾದ್ರ ನಾ ಯಾಕ ಬಂದೆ ಇಲ್ಲಿಗೆ?”

ಫೋನು ಕಟ್ಟಾದ ಮೇಲೆ ಹಿತ್ತಲಿನ ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸದ್ದು ಕೇಳಿಸತೊಡಗಿತು. ತಂಬಿಗೆಯ ಮೇಲೆ ತಂಬಿಗೆ, ತಲೆಯ ಮೇಲಿಂದ. ದುಃಖಕ್ಕೆ ಸ್ನಾನವೋ, ಬೆವರಿಗೋ, ಅವನ ಮಣಿಕಟ್ಟು ಹಿಡಿದದ್ದಕ್ಕೋ. ಅದನ್ನು ಕೇಳುವ ಹಕ್ಕು ಇವತ್ತು ತನಗಿಲ್ಲ ಎಂದುಕೊಂಡ, ಆದರೂ ಕಿವಿ ತಂಬಿಗೆಗಳನ್ನು ಎಣಿಸುತ್ತಲೇ ಇತ್ತು. ನೀರಿನ ನಡುವೆಯೇ ಸುಂದರಾಬಾಯಿ ಕೂಗಿ ಹೇಳಿದಳು, ಈಗ ಪೂರ್ತಿ ಹಗುರಾದ ದನಿ: “ಅರ್ಜುನಾ, ನೀ ಹೊಂಡಪಾ. ನನ್ನ ಸಲುವಾಗಿ ನಿಂದರಬ್ಯಾಡ, ನಿನಗ ತಡಾ ಆಗ್ತದ.”

“ಹೂಂನ್ರಿ, ಹೊಂಟೆ” ಎಂದ.

ಹೊರಗೆ ಕಟ್ಟೆಯ ಮೇಲೆ ಸೂಟ್‌ಕೇಸು ಇಟ್ಟು ಕಂಟ್ರೋಲಿಗೆ ಫೋನು ಹಚ್ಚಿದ. ಅದೇ ಹುಡುಗಿ. ನಾಳೆ ಬೆಳಗಿನ ಹಾರಾಟಕ್ಕೆ ಬರಲಾಗುವುದಿಲ್ಲ ಎಂದ. ಹೊಟ್ಟೆ ಇನ್ನೂ ಸರಿಯಾಗಿಲ್ಲವೇ ಸರ್ ಎಂದು ಕೇಳಿದಳು. ಹೊಟ್ಟೆ ಸರಿಯಾಗಿದೆ, ಬೆಳಗ್ಗೆಯೂ ಸರಿಯಾಗಿತ್ತು, ನಾನು ಮುಂಬೈಯಲ್ಲಿಲ್ಲ, ಬೆಳಗ್ಗೆಯೂ ಇರಲಿಲ್ಲ ಎಂದ. ಕೀಲಿಮಣೆಯ ಸದ್ದು ನಿಂತಿತು. ಹುಡುಗಿ ನಿಟ್ಟುಸಿರು ಬಿಟ್ಟಳು. ನಾಳೆ ಐದೂವರೆಗೆ ಯಾರನ್ನು ಎಬ್ಬಿಸಲಿ ಎಂಬ ಚಿಂತೆ ಅವಳಿಗೆ ಆಗಲೇ ಶುರುವಾಗಿತ್ತು. “ಈಗ ಎಲ್ಲಿದ್ದೀರಿ ಸರ್? ಬರೆಯಬೇಕು.”

“ಸವದತ್ತಿ.”

“ಎಲ್ಲಿ ಸರ್? ಸ್ಪೆಲ್ಲಿಂಗ್ ಹೇಳಿ.”

ಅರ್ಜುನ ಒಂದೊಂದೇ ಅಕ್ಷರವನ್ನು, ಆಕಾಶದಿಂದ ಕೆಳಗಿನವರಿಗೆ ಹೇಳಲು ಕಲಿಸಿಕೊಟ್ಟ ಹಾಗೆ, ನಿಧಾನವಾಗಿ, ತಪ್ಪಿಲ್ಲದೆ ಹೇಳತೊಡಗಿದ.